ಮಳೆಗೆ ವೇಗ ಇಳಿಯಲಿ, ಸಂಪರ್ಕ ಕಡಿಯದಿರಲಿ

ಮಾನ್ಯ ಸಂಪಾದಕರೇ,

ಬಾದಾಮಿ ತಾಲ್ಲೂಕಿನ ಓದುಗರೊಬ್ಬರು ನಿಮ್ಮ ಪತ್ರಗಳ ಅಂಕಣದಲ್ಲಿ ತೋಡಿಕೊಂಡಿದ್ದ ಅಳಲನ್ನು ಓದಿದೆ. ಹಸ್ತ ಮಳೆ ಹಿಡಿದುಕೊಂಡ ದಿನ ಅವರ ಊರಿನ ಬ್ಯಾಂಕ್ ಶಾಖೆಯಲ್ಲಿ ಮಧ್ಯಾಹ್ನದವರೆಗೂ ನೆಟ್‌ವರ್ಕ್ ಇರಲಿಲ್ಲ, ಪಿಂಚಣಿಗೆಂದು ತಾಂಡಾದಿಂದ ನಡೆದು ಬಂದ ಮುದುಕಿಯರು ಬರಿಗೈಯಲ್ಲಿ ಹಿಂತಿರುಗಿದರು, ಕೇಳಿದರೆ ‘ಮಳೆಗೆ ಯಾರೇನು ಮಾಡಲಾದೀತು’ ಎಂಬ ಉತ್ತರ ಬಂತು ಎಂದು ಅವರು ಬರೆದಿದ್ದರು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಬ್ಯಾಂಕ್ ಶಾಖೆ, ಎಟಿಎಂ, ಸಕ್ಕರೆ ಕಾರ್ಖಾನೆಗಳ ಮಾಳಿಗೆ ಹತ್ತಿ ಉಪಗ್ರಹ ಸಂಪರ್ಕದ ಡಿಶ್ ಕೂರಿಸುವುದು, ಕೆಟ್ಟಾಗ ಹೋಗಿ ಸರಿಪಡಿಸುವುದು ನನ್ನ ಹೊಟ್ಟೆಪಾಡಾಗಿತ್ತು. ಮಳೆಯಲ್ಲೂ ಸಂಪರ್ಕ ಉಳಿಸಿಕೊಳ್ಳಲು ಮಾಡಬಹುದಾದದ್ದು ಬಹಳಷ್ಟಿದೆ. ಅದಕ್ಕೆ ಬೇಕಾದ ಗಣಿತ ಅರ್ಧ ಶತಮಾನದಿಂದ ಬಾಹ್ಯಾಕಾಶದಲ್ಲಿ ದುಡಿಯುತ್ತಿದೆ. ಅದೇ ಗಣಿತ ನಮ್ಮೂರ ಶಾಖೆಯ ಮೋಡೆಮ್ ಪೆಟ್ಟಿಗೆಯೊಳಗೂ ಕುಳಿತಿದೆ. ಅದನ್ನು ಪೂರ್ತಿ ಬಳಸಿಕೊಳ್ಳಬೇಕೆಂದು ಗುತ್ತಿಗೆ ಕೊಡುವವರು ಕೇಳುವುದಿಲ್ಲ. ನನ್ನ ತಕರಾರು ಅದು.

ಬಾದಾಮಿ, ಗುಳೇದಗುಡ್ಡದ ಕಡೆಯ ಕಲ್ಲುಗುಡ್ಡಗಳ ಹಿಂದೆ ಇರುವ ಊರುಗಳಿಗೆ ಗೋಪುರದಿಂದ ಗೋಪುರಕ್ಕೆ ನೇರ ರೇಡಿಯೊ ಕಟ್ಟುವುದು ಕಷ್ಟ. ಕೇಬಲ್ ಹಾಕಿದರೆ ರಸ್ತೆ ಅಗಲ ಮಾಡುವ ಜೆಸಿಬಿ ಅದನ್ನು ಕಿತ್ತು ಹಾಕುತ್ತದೆ. ಹೀಗಾಗಿ ಅಲ್ಲಿ ಹಲವು ಕಡೆ ವಿಸ್ಯಾಟ್ ಎಂಬ ಸಣ್ಣ ಉಪಗ್ರಹ ಡಿಶ್‌ಗೆ ಮೊರೆಹೋಗುತ್ತಾರೆ. ಮಾಳಿಗೆಯ ಮೇಲಿನ ಡಿಶ್ 36 ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹದೊಂದಿಗೆ ಮಾತನಾಡುತ್ತದೆ. ಆ ಅಷ್ಟೂ ದೂರದಲ್ಲಿ ತಂಟೆ ಕೊಡುವುದು ಕೊನೆಯ ಕೆಲವೇ ಕಿಲೋಮೀಟರ್, ಅಂದರೆ ನಮ್ಮ ತಲೆಯ ಮೇಲಿನ ಮಳೆಮೋಡ. ಕೆಯು ಬ್ಯಾಂಡ್ ಎಂದು ಕರೆಯುವ 11ರಿಂದ 14 ಗಿಗಾಹರ್ಟ್ಸ್ ಆವರ್ತನದ ಅಲೆಯ ಉದ್ದ ಎರಡು, ಎರಡೂವರೆ ಸೆಂಟಿಮೀಟರ್ ಮಾತ್ರ. ದಪ್ಪ ಹನಿಯ ಮಳೆ ಈ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಜಿಟಿಜಿಟಿ ಮಳೆ ಹೆಚ್ಚೇನೂ ಮಾಡುವುದಿಲ್ಲ. ನಮ್ಮ ಕಡೆ ವರ್ಷದಲ್ಲಿ ಮಳೆ ಕಡಿಮೆ, ಆದರೆ ಬರುವಾಗ ಗುಡುಗು ಸಿಡಿಲಿನೊಂದಿಗೆ ಒಮ್ಮೆಲೇ ಸುರಿಯುತ್ತದೆ.

ಅಂಥ ಹೊತ್ತಿನಲ್ಲಿ ಮೋಡೆಮ್ ಮುಂದೆ ಕುಳಿತು ನೋಡಿದವರಿಗೆ ಮಾತ್ರ ನಿಜ ಸಂಗತಿ ತಿಳಿಯುತ್ತದೆ. ಹುನಗುಂದ ತಾಲ್ಲೂಕಿನ ಒಂದು ಶಾಖೆಯಲ್ಲಿ, ಬ್ಯಾಟರಿಗಳಿಟ್ಟ ಸಣ್ಣ ಕೋಣೆಯೊಳಗೆ, ಲ್ಯಾಪ್‌ಟಾಪ್ ಜೋಡಿಸಿಕೊಂಡು ನಾನು ಕಂಡದ್ದನ್ನು ಹೇಳುತ್ತೇನೆ. ಬಾನು ತಿಳಿಯಾಗಿದ್ದಾಗ ಪರದೆಯ ಮೇಲೆ ಸಂಕೇತಕ್ಕೂ ಅದರೊಂದಿಗೆ ಬೆರೆಯುವ ಬೇಡದ ರೇಡಿಯೊ ಗದ್ದಲಕ್ಕೂ ಇರುವ ಅಂತರ 13 ಡೆಸಿಬೆಲ್ ಎಂದು ಕಾಣುತ್ತಿತ್ತು. ಪಡುವಣದಿಂದ ಮೋಡ ಕವಿದು ಮೊದಲ ಹನಿಗಳು ತಗಡಿನ ಮೇಲೆ ಬಿದ್ದಾಗ 11 ಆಯಿತು. ಮಳೆ ಬಿರುಸಾದಂತೆ 9 ಆಯಿತು. 8ರ ಕೆಳಗೆ ಇಳಿದದ್ದೇ ತಡ, ಹಸಿರು ದೀಪ ಮಿಣುಕಿ ಆರಿತು. ಹೊರಗೆ ಕೌಂಟರಿನಲ್ಲಿ ‘ನೆಟ್‌ವರ್ಕ್ ಹೋಯಿತು’ ಎಂಬ ಕೂಗು ಕೇಳಿಸಿತು. ಆಗ ಪರದೆಯ ಮೇಲಿದ್ದ ಅಂಕಿ 7. ಏಳು ಡೆಸಿಬೆಲ್ ಎಂದರೆ ಸಂಕೇತ ಗದ್ದಲಕ್ಕಿಂತ ಇನ್ನೂ ಐದು ಪಟ್ಟು ಬಲವಾಗಿದೆ ಎಂದರ್ಥ. ಐದು ಪಟ್ಟು ಬಲವಿರುವ ಸಂಕೇತ ಡಿಶ್‌ಗೆ ಬಂದು ಬೀಳುತ್ತಿರುವಾಗ ಹೊರಗೆ ಜನರನ್ನು ಮನೆಗೆ ಕಳುಹಿಸಲಾಗುತ್ತಿತ್ತು.

ಹೀಗೇಕೆ ಆಯಿತು ಎಂದು ತಿಳಿಯಲು ದೋಷ ತಿದ್ದುವ ಕೋಡ್ ಎಂದರೇನೆಂದು ಸ್ವಲ್ಪ ಹೇಳಬೇಕು. ಚೆಕ್ ಬರೆಯುವಾಗ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತೇವೆ. ಎರಡೂ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗುಮಾಸ್ತರಿಗೆ ಗೊತ್ತಾಗುತ್ತದೆ. ಆದರೆ ಯಾವುದು ತಪ್ಪು, ಸರಿಯಾದದ್ದು ಏನು ಎಂಬುದು ಅಷ್ಟರಿಂದ ತಿಳಿಯುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಇದರಿಂದ ಒಂದು ಹೆಜ್ಜೆ ಮುಂದೆ ಹೋದರು. ತಪ್ಪಿದೆ ಎಂದು ಹೇಳಿ ನಿಂತುಬಿಡುವ ಯಂತ್ರ, ತಪ್ಪು ಎಲ್ಲಿದೆ ಎಂದು ಕಂಡುಹಿಡಿದು ತಾನೇ ತಿದ್ದಿಕೊಳ್ಳಬಾರದೇಕೆ ಎಂಬುದು ಅವರ ಹಟವಾಗಿತ್ತು.

ಕಾಗದ ಪೆನ್ಸಿಲ್ ಇದ್ದರೆ ಓದುಗರೇ ಮಾಡಿ ನೋಡಬಹುದು. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ. 1, 0, 1, 1 ಎಂಬ ನಾಲ್ಕು ಬಿಟ್ ಕಳುಹಿಸಬೇಕಿದೆ. ಇದಕ್ಕೆ ಮೂರು ಕಾವಲು ಬಿಟ್‌ಗಳನ್ನು ಸೇರಿಸುತ್ತೇವೆ. ಮೊದಲ ಕಾವಲು ಒಂದನೆಯ, ಎರಡನೆಯ, ನಾಲ್ಕನೆಯ ಬಿಟ್‌ಗಳನ್ನು ನೋಡಿಕೊಳ್ಳುತ್ತದೆ. ಎರಡನೆಯದು ಒಂದು, ಮೂರು, ನಾಲ್ಕನ್ನೂ ಮೂರನೆಯದು ಎರಡು, ಮೂರು, ನಾಲ್ಕನ್ನೂ ನೋಡಿಕೊಳ್ಳುತ್ತವೆ. ಪ್ರತಿ ಗುಂಪಿನಲ್ಲಿ, ಕಾವಲು ಬಿಟ್ಟನ್ನೂ ಸೇರಿಸಿ, 1ರ ಸಂಖ್ಯೆ ಸಮವಾಗಿರಬೇಕು. ಹಾಗಾಗಿ ಕಾವಲು ಬಿಟ್‌ಗಳು ಕ್ರಮವಾಗಿ 0, 1, 0 ಆಗುತ್ತವೆ. ಈಗ ದಾರಿಯಲ್ಲಿ ಗದ್ದಲ ಸೇರಿ ಮೂರನೆಯ ಬಿಟ್ 1 ಇದ್ದದ್ದು 0 ಆಯಿತೆನ್ನಿ. ಪಡೆದವರು ಲೆಕ್ಕ ಹಾಕಿದರೆ ಮೊದಲ ಗುಂಪು ಸರಿಯಿದೆ, ಎರಡನೆಯದೂ ಮೂರನೆಯದೂ ಕೆಟ್ಟಿವೆ. ಎರಡನೆಯ ಮತ್ತು ಮೂರನೆಯ ಗುಂಪಿನಲ್ಲಿದ್ದು ಮೊದಲನೆಯದರಲ್ಲಿ ಇಲ್ಲದಿರುವ ಬಿಟ್ ಒಂದೇ ಒಂದು, ಮೂರನೆಯದು. ಅದನ್ನು ತಿರುಗಿಸಿದರೆ ಸಂದೇಶ ಮೊದಲಿನಂತಾಯಿತು. ಕಳುಹಿಸಿದವರನ್ನು ಮತ್ತೆ ಕೇಳಬೇಕಾಗಿಯೇ ಇಲ್ಲ. ಕಾವಲು ಬಿಟ್ಟೇ ಕೆಟ್ಟಿದ್ದರೆ ಅದೊಂದು ಗುಂಪು ಮಾತ್ರ ಕೆಡುತ್ತದೆ, ಅದೂ ಗೊತ್ತಾಗುತ್ತದೆ. ಹೈಸ್ಕೂಲು ಮಕ್ಕಳಿಗೆ ನಾನು ಇದನ್ನು ಕಪ್ಪು ಹಲಗೆಯ ಮೇಲೆ ತೋರಿಸಿದ್ದೇನೆ. ಅವರ ಕಣ್ಣರಳುವುದನ್ನು ನೋಡಿದರೆ, ಇದು ಎಂಜಿನಿಯರಿಂಗ್ ಓದುವವರಿಗಷ್ಟೇ ಮೀಸಲಾಗಬೇಕಾದ ವಿಷಯವಲ್ಲ ಎನಿಸುತ್ತದೆ.

ಕಾವಲು ಬಿಟ್ ಹೆಚ್ಚಾದಷ್ಟೂ ತಿದ್ದುವ ಶಕ್ತಿ ಹೆಚ್ಚುತ್ತದೆ, ನಿಜವಾದ ಮಾಹಿತಿ ಸಾಗುವ ವೇಗ ಇಳಿಯುತ್ತದೆ. ಇಲ್ಲಿರುವ ಕೊಡುಕೊಳ್ಳುವಿಕೆ ಇಷ್ಟೇ. ಹ್ಯಾಮಿಂಗ್‌ಗಿಂತ ಎರಡು ವರ್ಷ ಮೊದಲು, 1948ರಲ್ಲಿ, ಅದೇ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ ಇದಕ್ಕೆ ಗಟ್ಟಿ ಬುನಾದಿ ಹಾಕಿದ್ದರು. ಗದ್ದಲವಿರುವ ಪ್ರತಿಯೊಂದು ದಾರಿಗೂ ವೇಗದ ಒಂದು ಮಿತಿ ಇರುತ್ತದೆ. ಆ ಮಿತಿಯೊಳಗೆ ಉಳಿದರೆ ತಪ್ಪನ್ನು ನಾವು ಬೇಕೆಂದಷ್ಟು ಕಡಿಮೆ ಮಾಡಲು ತಕ್ಕ ಕೋಡ್ ಇದ್ದೇ ಇರುತ್ತದೆ ಎಂದು ಅವರು ಸಾಧಿಸಿ ತೋರಿಸಿದರು. ಮಳೆ ಬಂದಾಗ ದಾರಿ ಮುಚ್ಚುವುದಿಲ್ಲ, ಅದರ ಮಿತಿ ಇಳಿಯುತ್ತದೆ ಎಂಬುದು ಶ್ಯಾನನ್ ಅವರ ಲೆಕ್ಕದಿಂದ ನಾನು ಕಲಿತ ಪಾಠ.

ಈಗ ಹುನಗುಂದದ ಶಾಖೆಗೆ ಮರಳೋಣ. ಉಪಗ್ರಹದಿಂದ ಡಿಶ್‌ಗೆ ಬರುವ ಸಂಕೇತಕ್ಕೆ ಬಹುತೇಕ ಕಡೆ ಬಳಕೆಯಲ್ಲಿರುವುದು ಡಿವಿಬಿ-ಎಸ್2 ಎಂಬ ಮಾನಕ. ಅದರಲ್ಲಿ ಎಲ್‌ಡಿಪಿಸಿ ಎಂಬ ಬಲವಾದ ಕೋಡ್ ಇದೆ. 64,800 ಬಿಟ್‌ಗಳ ಒಂದೊಂದು ಚೌಕಟ್ಟಿನಲ್ಲಿ ಸಾವಿರಾರು ಕಾವಲು ಬಿಟ್‌ಗಳು ಒಂದರ ಕೆಲಸವನ್ನು ಇನ್ನೊಂದು ಮತ್ತೆ ಮತ್ತೆ ಪರೀಕ್ಷಿಸಿ ತಿದ್ದುತ್ತವೆ. ಕಾಲು ಭಾಗ ಮಾಹಿತಿ, ಮುಕ್ಕಾಲು ಭಾಗ ಕಾವಲು ಎಂಬಲ್ಲಿಂದ ಹಿಡಿದು ಹತ್ತರಲ್ಲಿ ಒಂಬತ್ತು ಭಾಗ ಮಾಹಿತಿ ಎಂಬವರೆಗೆ ಬೇಕಾದ ಪ್ರಮಾಣ ಆರಿಸಿಕೊಳ್ಳಲು ಅವಕಾಶವಿದೆ. ಆ ಶಾಖೆಯ ಸಂಪರ್ಕವನ್ನು, ಅಲೆಯ ಒಂದೊಂದು ಮಿಡಿತಕ್ಕೆ ಮೂರು ಬಿಟ್ ಹೇರುವ 8ಪಿಎಸ್‌ಕೆ ವಿಧಾನದಲ್ಲಿ ಮುಕ್ಕಾಲು ಮಾಹಿತಿ, ಕಾಲು ಕಾವಲು ಎಂಬ ಒಂದೇ ಮಟ್ಟಕ್ಕೆ ಕಟ್ಟಿ ಬೀಗ ಹಾಕಿಬಿಟ್ಟಿದ್ದರು. ಅದಕ್ಕೆ ಆದರ್ಶ ಸ್ಥಿತಿಯಲ್ಲಿಯೇ ಸುಮಾರು 7.9 ಡೆಸಿಬೆಲ್ ಬೇಕು. ಅದಕ್ಕಿಂತ ಇಳಿದರೆ ದೀಪ ಆರುತ್ತದೆ. ಅದೇ ಮಾನಕದ ಅತಿ ಗಟ್ಟಿಯಾದ ಮಟ್ಟ, ಅಂದರೆ ಮಿಡಿತಕ್ಕೆ ಎರಡೇ ಬಿಟ್ ಹೇರುವ ಕ್ಯುಪಿಎಸ್‌ಕೆ ವಿಧಾನದಲ್ಲಿ ಕಾಲು ಭಾಗ ಮಾಹಿತಿ, ಸೊನ್ನೆಗಿಂತಲೂ ಎರಡು ಡೆಸಿಬೆಲ್‌ಗೂ ಹೆಚ್ಚು ಕೆಳಗೆ ಹೋದರೂ ನಡೆಯುತ್ತದೆ. ಅಂದರೆ ಗದ್ದಲವೇ ಸಂಕೇತಕ್ಕಿಂತ ಜೋರಾಗಿರುವಾಗಲೂ ಸಂದೇಶವನ್ನು ಎತ್ತಿ ಕೊಡುತ್ತದೆ. ಎರಡರ ನಡುವಿನ ಅಂತರ ಸುಮಾರು ಹತ್ತು ಡೆಸಿಬೆಲ್. ಬರುವ ಸಂಕೇತದ ಬಲ ಹತ್ತರಲ್ಲಿ ಒಂದು ಪಾಲಿಗೆ ಕುಸಿದರೂ ತಡೆದುಕೊಳ್ಳುವ ಶಕ್ತಿ ಅದು. ಬದಲಿಗೆ ಕೊಡಬೇಕಾದದ್ದು ವೇಗ, ಅದು ಐದನೇ ಒಂದು ಭಾಗಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಬಾನು ತಿಳಿಯಾಗಿದ್ದಾಗ ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಕಡೆ ಬಿರುಮಳೆಯಲ್ಲಿ 400 ಕಿಲೋಬಿಟ್ ಸಿಕ್ಕೀತು. ಪಿಂಚಣಿ ಹಣ ತೆಗೆಯುವ ಒಂದು ವ್ಯವಹಾರಕ್ಕೆ ಬೇಕಾದದ್ದು ಕೆಲವೇ ಕಿಲೋಬೈಟ್. ಆ ಮುದುಕಿಯರಿಗೆ ಹಣ ಕೊಡಲು ಅಷ್ಟು ವೇಗ ಧಾರಾಳವಾಯಿತು.

ಹವಾಮಾನ ನೋಡಿಕೊಂಡು ಮೋಡೆಮ್ ತಾನೇ ಮಟ್ಟ ಬದಲಿಸುವ ವ್ಯವಸ್ಥೆಯೂ ಆ ಮಾನಕದಲ್ಲಿಯೇ ಇದೆ. ಶಾಖೆಯ ಪೆಟ್ಟಿಗೆ ತನಗೆ ಕಾಣುವ ಡೆಸಿಬೆಲ್ ಅಂಕಿಯನ್ನು ಸೇವೆ ಕೊಡುವವರ ಕೇಂದ್ರಕ್ಕೆ ಹೇಳುತ್ತಿರುತ್ತದೆ. ಅಂಕಿ ಇಳಿದರೆ ಕೇಂದ್ರ ಗಟ್ಟಿ ಕೋಡ್‌ಗೆ ಜಾರುತ್ತದೆ, ಮಳೆ ನಿಂತರೆ ಮರಳಿ ಏರುತ್ತದೆ. ಇದು ಹೊಸದಾಗಿ ಕಂಡುಹಿಡಿಯಬೇಕಾದ ಸಂಗತಿಯಲ್ಲ. ಹಾಗಿದ್ದೂ ಗುತ್ತಿಗೆ ಪತ್ರದಲ್ಲಿ ‘ಇಂತಿಷ್ಟು ವೇಗ’ ಎಂದು ಮಾತ್ರ ಬರೆದು, ಆ ವೇಗ ಬಾನು ತಿಳಿಯಾಗಿದ್ದಾಗಲೋ ಮಳೆಯಲ್ಲೋ ಎಂದು ಕೇಳದೆ ಸಹಿ ಹಾಕುವುದನ್ನು ನಾನು ಕಂಡಿದ್ದೇನೆ. ಒಂದೇ ಮಟ್ಟಕ್ಕೆ ಬೀಗ ಹಾಕಿದರೆ ಸೇವೆ ಕೊಡುವವರಿಗೆ ನಿರ್ವಹಣೆ ಸುಲಭ, ಲೆಕ್ಕ ಸಲೀಸು. ನಷ್ಟ ಅನುಭವಿಸುವವರು ಕೌಂಟರಿನ ಈಚೆ ನಿಂತ ಜನ.

ಬಾಹ್ಯಾಕಾಶದವರು ಹೀಗೆ ಕೈಚೆಲ್ಲಿ ಕೂತಿದ್ದರೆ ಏನಾಗುತ್ತಿತ್ತು? 1971ರಲ್ಲಿ ಮಂಗಳನನ್ನು ಸುತ್ತಿದ ಮ್ಯಾರಿನರ್-9 ನೌಕೆ ಚಿತ್ರದ ಪ್ರತಿ ಚುಕ್ಕೆಯ ಆರು ಬಿಟ್‌ಗಳನ್ನು 32 ಬಿಟ್‌ಗಳಾಗಿ ಹಿಗ್ಗಿಸಿ ಕಳುಹಿಸಿತು. ಅದರಲ್ಲಿ ಏಳು ಬಿಟ್ ಕೆಟ್ಟು ಬಂದರೂ ಭೂಮಿಯಲ್ಲಿ ತಿದ್ದಿಕೊಳ್ಳಲು ಸಾಧ್ಯವಿತ್ತು. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಯುರೇನಸ್, ನೆಪ್ಚೂನ್ ತಲುಪುವ ಹೊತ್ತಿಗೆ ರೀಡ್-ಸಾಲೊಮನ್ ಕೋಡ್ ಬಳಸಿದವು. 223 ಬೈಟ್ ಮಾಹಿತಿಗೆ 32 ಬೈಟ್ ಕಾವಲು, ಅದರಿಂದ 16 ಬೈಟ್‌ವರೆಗಿನ ತಪ್ಪನ್ನು ತಿದ್ದಬಹುದು. ಅದರ ಒಳಗೆ ಇನ್ನೊಂದು ಕೋಡ್ ಇತ್ತು. ಒಳಗಿನದು ಚಿಲ್ಲರೆ ತಪ್ಪುಗಳನ್ನು ಅಳಿಸುತ್ತದೆ, ಅದರ ಕೈ ಮೀರಿ ಗುಂಪುಗುಂಪಾಗಿ ಉಳಿದ ತಪ್ಪುಗಳನ್ನು ಹೊರಗಿನದು ಹಿಡಿಯುತ್ತದೆ. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರ್‌ಗೂ ಆಚೆ ಇದೆ. ಅದರ ಪ್ರೇಷಕದ ಶಕ್ತಿ ಸುಮಾರು 23 ವ್ಯಾಟ್. ಭೂಮಿಯ ಮೇಲಿರುವ ನಾಸಾದ 70 ಮೀಟರ್ ಅಗಲದ ದೊಡ್ಡ ಡಿಶ್‌ಗಳನ್ನು ತಲುಪುವ ಹೊತ್ತಿಗೆ ಉಳಿಯುವುದು ಒಂದು ವ್ಯಾಟ್‌ನ ಕೋಟಿ ಕೋಟಿ ಪಾಲಿಗಿಂತಲೂ ಕಡಿಮೆ. ಆದರೂ ಸೆಕೆಂಡಿಗೆ 160 ಬಿಟ್‌ನಂತೆ ಅದರ ಅಳತೆಗಳು ಬರುತ್ತಿವೆ.

ನನಗೆ ಅದಕ್ಕಿಂತ ಹತ್ತಿರವಾದದ್ದು ಗೆಲಿಲಿಯೊ ನೌಕೆಯ ಕಥೆ. 1989ರಲ್ಲಿ ಗುರುಗ್ರಹಕ್ಕೆ ಹೊರಟ ಅದರ ಮುಖ್ಯ ಆಂಟೆನಾ 1991ರ ಏಪ್ರಿಲ್‌ನಲ್ಲಿ ಬಿಚ್ಚಿಕೊಳ್ಳಬೇಕಿತ್ತು, ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಸೆಕೆಂಡಿಗೆ 1,34,000 ಬಿಟ್ ಬರಬೇಕಿದ್ದ ಕಡೆ ಚಿಕ್ಕ ಆಂಟೆನಾದಿಂದ ಹತ್ತು ಹದಿನಾರು ಬಿಟ್ ಬಂದರೆ ಹೆಚ್ಚು ಎಂಬ ಸ್ಥಿತಿ. ಆಂಟೆನಾವನ್ನು ಮುಟ್ಟಿ ಸರಿಪಡಿಸಲು ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಎಂಜಿನಿಯರುಗಳು ಚಿತ್ರಗಳನ್ನು ಹಿಂಡಿ ಕಿರಿದಾಗಿಸುವ ಹೊಸ ತಂತ್ರಾಂಶ, ಇನ್ನೂ ಬಲವಾದ ದೋಷ ತಿದ್ದುವ ಕೋಡ್ ಬರೆದು ಭೂಮಿಯಿಂದಲೇ ನೌಕೆಗೆ ಏರಿಸಿದರು. ಬೇರೆ ಬೇರೆ ಕಡೆಯ ದೊಡ್ಡ ಡಿಶ್‌ಗಳನ್ನು ಒಟ್ಟು ಸೇರಿಸಿ ಆಲಿಸಿದರು. ವೇಗ 160 ಬಿಟ್‌ವರೆಗೆ ಏರಿತು. ಮೊದಲಿನ ಯೋಜನೆಯ ಪಕ್ಕದಲ್ಲಿ ಇದು ಏನೇನೂ ಅಲ್ಲ. ಆದರೂ 1995ರ ಡಿಸೆಂಬರ್‌ನಲ್ಲಿ ಗುರುಗ್ರಹ ತಲುಪಿದ ಆ ನೌಕೆ ತನ್ನ ವೈಜ್ಞಾನಿಕ ಗುರಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಪೂರೈಸಿತು. ಈ ಕಥೆಯನ್ನು ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದ ಹುಡುಗರಿಗೆಲ್ಲ ಹೇಳುತ್ತಿದ್ದೆ. ಆಂಟೆನಾ ಮುರಿದ ನೌಕೆಯೇ ಕೆಲಸ ಮಾಡಿ ತೋರಿಸಿದೆ ಎಂದಮೇಲೆ ಗಟ್ಟಿಮುಟ್ಟಾದ ಡಿಶ್ ಇರುವ ನಮ್ಮ ಶಾಖೆಯಲ್ಲಿ ‘ಇಲ್ಲ’ ಎಂಬ ಫಲಕ ತೂಗುವುದು ನನಗೆ ಸಹಿಸಲಾಗದ ಸಂಗತಿ.

ವಾಯೇಜರ್‌ನ ಒಳ-ಹೊರ ಎರಡು ಕೋಡ್‌ಗಳ ಜೋಡಣೆಯೇ ನಮ್ಮ ಮಾಳಿಗೆಯ ಸಂಪರ್ಕದಲ್ಲೂ ಇದೆ. ಒಳಗೆ ಎಲ್‌ಡಿಪಿಸಿ, ಹೊರಗೆ ಬಿಸಿಎಚ್. ಬಿಸಿಎಚ್ ಎಂಬ ಮೂರು ಅಕ್ಷರಗಳಲ್ಲಿ ಮೊದಲನೆಯದು ರಾಜ್ ಚಂದ್ರ ಬೋಸ್ ಅವರದು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು ಅಮೆರಿಕಕ್ಕೆ ಹೋದವರು. ಎರಡನೆಯದು ಅವರ ಶಿಷ್ಯ ರಾಯ್ ಚೌಧುರಿ ಅವರದು. 1960ರಲ್ಲಿ ಅವರಿಬ್ಬರು ಪ್ರಕಟಿಸಿದ್ದನ್ನು ಫ್ರಾನ್ಸ್‌ನ ಹೊಕೆಂಗೆಮ್ ಒಂದು ವರ್ಷ ಮೊದಲು ಸ್ವತಂತ್ರವಾಗಿ ಕಂಡುಕೊಂಡಿದ್ದರು, ಹಾಗಾಗಿ ಮೂವರ ಹೆಸರೂ ಸೇರಿತು. ಎಲ್‌ಡಿಪಿಸಿಯ ಕಥೆ ಇನ್ನೂ ವಿಚಿತ್ರ. ಅಮೆರಿಕದ ಸಂಶೋಧಕ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲೇ ಅದನ್ನು ಬರೆದಿಟ್ಟರು. ಅಂದಿನ ಕಂಪ್ಯೂಟರುಗಳಿಗೆ ಅಷ್ಟು ಲೆಕ್ಕ ಹಾಕುವ ಶಕ್ತಿ ಇರಲಿಲ್ಲವಾದ್ದರಿಂದ ಮೂವತ್ತು ವರ್ಷ ಅದನ್ನು ಕೇಳುವವರಿರಲಿಲ್ಲ. ಇಂದು 5ಜಿ ಮೊಬೈಲಿನ ಮಾಹಿತಿ ಸಾಗುವುದೂ ಅದೇ ಕೋಡ್‌ನಿಂದ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಬೆಂಗಳೂರು ಬಳಿಯ ಇಸ್ರೊದ ಬ್ಯಾಲಾಳು ಕೇಂದ್ರದ 32 ಮೀಟರ್ ಡಿಶ್‌ನ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು, ಸಂತೋಷ. ಡಿಶ್ ಕಣ್ಣಿಗೆ ಕಾಣುತ್ತದೆ, ಕೋಡ್ ಕಾಣುವುದಿಲ್ಲ. ಅದರ ಬಗ್ಗೆಯೂ ನಿಮ್ಮ ವಿಜ್ಞಾನ ಪುಟದಲ್ಲಿ ಬರೆಯಿಸಿ ಎಂದು ಕೋರುತ್ತೇನೆ.

ಪಡಿತರ ಅಂಗಡಿಯ ಬೆರಳಚ್ಚು ಯಂತ್ರದ ಮಾತನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಅಲ್ಲಿ ದೂರು ಇನ್ನೂ ಹೆಚ್ಚು. ಅದು ಸಾಮಾನ್ಯವಾಗಿ ಮೊಬೈಲ್ ಸಿಮ್ ಮೇಲೆ ನಡೆಯುತ್ತದೆ. 4ಜಿ ಜಾಲ ಸಂಕೇತದ ಸ್ಥಿತಿ ನೋಡಿ ಕೋಡ್ ಬದಲಿಸುವ ಕೆಲಸವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ತಾನಾಗಿಯೇ ಮಾಡುತ್ತದೆ. ಸಂಕೇತ ತೀರಾ ಸೊರಗಿದಾಗ ಅದು ಕಳುಹಿಸುವ ಬಿಟ್‌ಗಳಲ್ಲಿ ನಿಜವಾದ ಮಾಹಿತಿ ನೂರಕ್ಕೆ ಎಂಟರಷ್ಟೂ ಇರುವುದಿಲ್ಲ, ಉಳಿದದ್ದೆಲ್ಲ ಕಾವಲು. ಅಷ್ಟು ಕಷ್ಟಪಟ್ಟು ರೇಡಿಯೊ ಒಂದೊಂದೇ ಬಿಟ್ ದಾಟಿಸುತ್ತಿರುವಾಗ, ಮೇಲಿನ ತಂತ್ರಾಂಶ ‘ಸಮಯ ಮೀರಿತು’ ಎಂದು ಹೇಳಿ ಮೊದಲಿನಿಂದ ಶುರು ಮಾಡಿಸುತ್ತದೆ. ಬೆರಳು ಮತ್ತೆ ಒತ್ತಬೇಕು, ಅಷ್ಟೂ ಮಾಹಿತಿ ಮತ್ತೆ ಹೋಗಬೇಕು. ತಂತ್ರಾಂಶ ಬರೆಯುವವರು ನಗರದಲ್ಲಿ ಕುಳಿತು ವೇಗದ ಸಂಪರ್ಕದಲ್ಲಿ ಪರೀಕ್ಷಿಸಿ ಕಾಯುವ ಅವಧಿಯನ್ನು ಗಿಡ್ಡ ಇಟ್ಟುಬಿಡುತ್ತಾರೆ. ಅವರಲ್ಲಿ ಒಬ್ಬರಾದರೂ ಮಳೆಗಾಲದಲ್ಲಿ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಬಂದು ಪಡಿತರದ ಸಾಲಿನಲ್ಲಿ ನಿಂತು ನೋಡಲಿ.

ಎಲ್ಲ ದೋಷವನ್ನೂ ಕೋಡ್ ತಿದ್ದುತ್ತದೆ ಎಂದು ನಾನು ಹೇಳುತ್ತಿಲ್ಲ. ಡಿಶ್‌ನ ಕನೆಕ್ಟರ್‌ಗೆ ಸುತ್ತಿದ ಟೇಪ್ ಬಿಸಿಲಿಗೆ ಸೀಳಿ ಒಳಗೆ ನೀರು ಇಳಿದಿದ್ದರೆ ಅದನ್ನು ಬಿಚ್ಚಿ ಹೊಸದು ಹಾಕಲೇಬೇಕು. ಗಾಳಿಗೆ ಡಿಶ್ ತುಸು ಜರುಗಿದ್ದರೆ ಮತ್ತೆ ಗುರಿ ಹಿಡಿಯಬೇಕು. ಮಳೆ ಬಂದಾಗ ಕರೆಂಟ್ ಹೋಗಿ, ಹಳೆಯ ಬ್ಯಾಟರಿ ಕೈಕೊಟ್ಟು ಮೋಡೆಮ್ ಆರಿಹೋದದ್ದನ್ನೇ ‘ಮಳೆಗೆ ನೆಟ್‌ವರ್ಕ್ ಹೋಯಿತು’ ಎಂದು ದಾಖಲಿಸುವುದೂ ಉಂಟು. ಶ್ಯಾನನ್ ಹಾಕಿದ ಮಿತಿಯನ್ನು ದಾಟಲು ಯಾವ ಕೋಡ್‌ಗೂ ಆಗದು. ಮೋಡ ಒಡೆದಂತೆ ಸುರಿವ ಹೊತ್ತಿನಲ್ಲಿ ಅತಿ ಗಟ್ಟಿ ಮಟ್ಟವೂ ಸೋಲುತ್ತದೆ. ಆದರೆ ಅಂಥ ಮಳೆ ನಮ್ಮಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಧ್ಯಾಹ್ನದವರೆಗೆ ಶಾಖೆ ಸ್ತಬ್ಧವಾಗಿತ್ತು ಎಂದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು, ಅದನ್ನು ಹುಡುಕಬೇಕಾದವರು ಹುಡುಕಬೇಕು.

ಹುಡುಕುವುದು ಕಷ್ಟವೂ ಅಲ್ಲ. ಮೋಡೆಮ್ ತನ್ನ ಅಂಕಿಗಳನ್ನು ದಾಖಲಿಸಿಡುತ್ತದೆ. ಸಂಪರ್ಕ ಕಡಿದ ಗಳಿಗೆಯಲ್ಲಿ ಡೆಸಿಬೆಲ್ ಎಷ್ಟಿತ್ತು, ಯಾವ ಮಟ್ಟದ ಕೋಡ್ ನಡೆಯುತ್ತಿತ್ತು, ವಿದ್ಯುತ್ ಇತ್ತೋ ಇಲ್ಲವೋ ಎಂದು ನೋಡಿದರೆ ತಪ್ಪು ಮಳೆಯದೋ ಬ್ಯಾಟರಿಯದೋ ಬೀಗ ಹಾಕಿಟ್ಟ ಮಟ್ಟದ್ದೋ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ನಮ್ಮ ಪಕ್ಕದ ಬೆಳಗಾವಿಯಲ್ಲಿಯೇ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಈ ಕೋಡ್‌ಗಳ ಲೆಕ್ಕವನ್ನು ಪರೀಕ್ಷೆಗಾಗಿ ಪುಟಗಟ್ಟಲೆ ಮಾಡುತ್ತಾರೆ. ನನ್ನ ಬಳಿ ಕೆಲಸಕ್ಕೆ ಬಂದ ಜಾಣ ಹುಡುಗರೂ ಮಳೆಯಲ್ಲಿ ಇಳಿಯುವ ಆ ಅಂಕಿಯನ್ನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ಕಾಲೇಜಿನ ಮಾಳಿಗೆಯ ಮೇಲೆ ಒಂದು ಡಿಶ್ ಇಟ್ಟು ಒಂದು ಮಳೆಗಾಲದ ಅಂಕಿಗಳನ್ನು ಬರೆದಿಡುವ ಕೆಲಸವನ್ನು ಅವರಿಗೆ ವಹಿಸಬಾರದೇ? ನಮ್ಮ ಜಿಲ್ಲೆಗಳ ಮಳೆಗೆ ಎಷ್ಟು ಡೆಸಿಬೆಲ್ ಮೀಸಲು ಬೇಕೆಂದು ಆಗ ನಮ್ಮದೇ ದಾಖಲೆಯಿಂದ ಹೇಳಬಹುದು.

ಜಿಲ್ಲಾ ಆಡಳಿತಗಳಿಗೂ ಬ್ಯಾಂಕುಗಳ ವಲಯ ಕಚೇರಿಗಳಿಗೂ ನನ್ನ ವಿನಂತಿ ಇದು. ಮುಂದಿನ ಬಾರಿ ಉಪಗ್ರಹ ಸಂಪರ್ಕದ ಗುತ್ತಿಗೆ ನವೀಕರಿಸುವ ಕಡತ ಮೇಜಿನ ಮೇಲೆ ಬಂದಾಗ, ಬಿರುಮಳೆಯಲ್ಲಿ ಈ ಸಂಪರ್ಕ ಯಾವ ಮಟ್ಟದ ಕೋಡ್‌ವರೆಗೆ ತಾನಾಗಿ ಇಳಿಯುತ್ತದೆ, ಆಗ ಉಳಿಯುವ ವೇಗವೆಷ್ಟು ಎಂದು ಲಿಖಿತವಾಗಿ ಕೇಳಿ. ಕಡಿತವಾದಾಗಲೆಲ್ಲ ಮೋಡೆಮ್ ದಾಖಲೆಯನ್ನು ಶಾಖೆಗೆ ಕೊಡಬೇಕೆಂಬ ಷರತ್ತನ್ನೂ ಹಾಕಿ. ಬಾದಾಮಿಯ ಆ ಓದುಗರು ತಮ್ಮ ಶಾಖೆಯ ವ್ಯವಸ್ಥಾಪಕರೊಂದಿಗೆ ಮಾತನಾಡಿ ಹಳೆಯ ದಾಖಲೆ ತರಿಸಿದರೆ ಅದನ್ನು ಓದಿ ವಿವರಿಸಲು ನಾನು ಸಿದ್ಧನಿದ್ದೇನೆ. ಪತ್ರಿಕಾ ಕಚೇರಿಯ ಮೂಲಕ ತಿಳಿಸಿದರೆ ಸಾಕು, ಬಸ್ ಹಿಡಿದು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪಗ್ರಹ ಸಂಪರ್ಕ ತಂತ್ರಜ್ಞ
ನವನಗರ, ಬಾಗಲಕೋಟೆ